ದವಡೆ ನೋವಿಗೆ ಒಂದೇ ಅಳತೆ: ಅನುಭವ ಕಲಿಸಿದ ಪಾಠಗಳು

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನ ಕೆಳಗೆ ಜಾರುವುದು ನಿಮ್ಮ ದವಡೆಯ ಕೀಲು. ಮಾತಿಗೆ, ಊಟಕ್ಕೆ, ಆಕಳಿಕೆಗೆ ದಿನವಿಡೀ ದುಡಿಯುವ ಈ ಕೀಲಿಗೂ ಅದನ್ನು ಆಡಿಸುವ ಸ್ನಾಯುಗಳಿಗೂ ಬರುವ ನೋವಿಗೆ ವೈದ್ಯರು ಕೊಟ್ಟ ಕಾರಣಗಳು ಒಂದೆರಡಲ್ಲ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್, ಹಿಂಬದಿಯ ಹಲ್ಲು ಉದುರಿ ದವಡೆ ಕುಸಿಯುವುದೇ ಇದಕ್ಕೆ ಮೂಲ ಎಂದರು. 1969ರಲ್ಲಿ ಡೇನಿಯಲ್ ಲಾಸ್ಕಿನ್ ಸ್ನಾಯುಗಳತ್ತ ಬೊಟ್ಟು ಮಾಡಿದರು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಎಲ್ಲರ ಕಣ್ಣು ಕೀಲಿನೊಳಗಿನ ಡಿಸ್ಕ್ ಮೇಲೆ ನೆಟ್ಟಿತು. ಒಬ್ಬೊಬ್ಬರ ಸೇರು ಒಂದೊಂದು ಅಳತೆಯದಾದರೆ ಸಂತೆಯಲ್ಲಿ ಯಾರ ಲೆಕ್ಕವೂ ತಾಳೆಯಾಗದು. ನಮ್ಮ ಕ್ಷೇತ್ರದಲ್ಲಿ ಆದದ್ದೂ ಅದೇ.

1992ರಲ್ಲಿ ಸ್ಯಾಮ್ಯುಯೆಲ್ ಡ್ವೋರ್ಕಿನ್ ಮತ್ತು ಲಿಂಡಾ ಲೆರೆಶ್ ಸಂಶೋಧನೆಗೆಂದು ಮೊದಲ ಸಮಾನ ಮಾನದಂಡ ಕೊಟ್ಟರು. ಅದನ್ನು ವರ್ಷಗಟ್ಟಲೆ ಪರೀಕ್ಷಿಸಿ, ತಿದ್ದಿ, ಚಿಕಿತ್ಸಾಲಯಕ್ಕೂ ಒಗ್ಗುವಂತೆ ಮಾಡಿದ ರೂಪ 2014ರಲ್ಲಿ ಎರಿಕ್ ಶಿಫ್‌ಮನ್, ರಿಚರ್ಡ್ ಓರ್‌ಬ್ಯಾಕ್ ಮತ್ತು ಸಂಗಡಿಗರಿಂದ ಬಂತು. ನಾವು ಅದನ್ನು ಡಿಸಿ/ಟಿಎಂಡಿ ಎನ್ನುತ್ತೇವೆ. ಅದರಲ್ಲಿ ಎರಡು ಅಕ್ಷಗಳಿವೆ. ಮೊದಲನೆಯದು ಕೀಲು ಮತ್ತು ಸ್ನಾಯುಗಳಿಗೆ ಏನಾಗಿದೆ ಎಂದು ಕೇಳುತ್ತದೆ, ಎರಡನೆಯದು ನೋವು ಹೊತ್ತ ಮನುಷ್ಯನಿಗೆ ಏನಾಗಿದೆ ಎಂದು ಕೇಳುತ್ತದೆ. ಮಧ್ಯ ಕರ್ನಾಟಕದ ಒಂದು ಸಾಧಾರಣ ದಂತ ಚಿಕಿತ್ಸಾಲಯದಲ್ಲಿ ಇದನ್ನು ಅಳವಡಿಸಿಕೊಳ್ಳಲು ಹೋಗಿ ನಾನು ಎಡವಿದ್ದು, ಕಲಿತದ್ದು ಇಲ್ಲಿದೆ. ಈ ದಾರಿಗೆ ಹೊಸದಾಗಿ ಬರುವವರಿಗೆ ನಾಲ್ಕು ಹೆಜ್ಜೆಯಾದರೂ ಹಗುರಾಗಲಿ ಎಂಬ ಆಸೆ.

1. ಎಲ್ಲವನ್ನೂ ಮೊದಲ ದಿನವೇ ಹೊರಬೇಡಿ.

ಶುರುವಿನಲ್ಲಿ ನಾನು ಇಡೀ ಕಡತವನ್ನು ಅಚ್ಚು ಹಾಕಿಸಿ, ದವಡೆ ನೋವು ಎಂದು ಬಂದ ಪ್ರತಿಯೊಬ್ಬರ ಕೈಗೂ ಕೊಟ್ಟೆ. ರೋಗಲಕ್ಷಣಗಳ ಪ್ರಶ್ನಾವಳಿ, ಪರೀಕ್ಷೆಯ ಹಾಳೆ, ಎರಡನೆಯ ಅಕ್ಷದ ಅಷ್ಟೂ ನಮೂನೆಗಳು. ಹೊರಗೆ ಹಲ್ಲು ಕೀಳಿಸಲು ಬಂದವರು ಕಾಯುತ್ತಿದ್ದರು, ಒಳಗೆ ರೋಗಿ ಹಾಳೆ ಮಗುಚಿ ಸುಸ್ತಾಗುತ್ತಿದ್ದರು. ಕೆಲವೇ ವಾರಗಳಲ್ಲಿ ಅರ್ಧ ತುಂಬಿದ ಹಾಳೆಗಳು ರಾಶಿಬಿದ್ದವು, ನಾನು ಸದ್ದಿಲ್ಲದೆ ಹಳೆಯ ಪದ್ಧತಿಗೇ ಮರಳಿದೆ. ಮತ್ತೆ ಕೈಹಾಕಿದಾಗ ಚಿಕ್ಕದರಿಂದ ಹೊರಟೆ. ಮೂರೇ ಪ್ರಶ್ನೆಗಳ ಒಂದು ಚುಟುಕು ಜರಡಿಯಿದೆ: ಕಳೆದ 30 ದಿನಗಳಲ್ಲಿ ದವಡೆ ಅಥವಾ ಕಣತಲೆಯಲ್ಲಿ ನೋವು ಎಷ್ಟು ಹೊತ್ತು ಇರುತ್ತಿತ್ತು, ಬೆಳಗ್ಗೆ ಏಳುವಾಗ ದವಡೆ ನೋವು ಅಥವಾ ಬಿಗಿತ ಇತ್ತೇ, ಅಗಿಯುವುದು, ಹಲ್ಲು ಕಚ್ಚುವುದು ಮುಂತಾದವುಗಳಿಂದ ನೋವು ಹೆಚ್ಚು ಕಡಿಮೆ ಆಗುತ್ತದೆಯೇ. ಇದನ್ನು ದಾಟಿ ಬಂದವರಿಗೆ ಮಾತ್ರ ಪೂರ್ಣ ಪರೀಕ್ಷೆ. ಎರಡನೆಯ ಅಕ್ಷದಲ್ಲೂ ಚಿಕ್ಕ ಕಟ್ಟು, ದೊಡ್ಡ ಕಟ್ಟು ಎಂದು ಎರಡಿವೆ. ಸಾಮಾನ್ಯ ಚಿಕಿತ್ಸಾಲಯಕ್ಕೆ ಚಿಕ್ಕದೇ ಸಾಕು. ಇದನ್ನು ರೂಪಿಸಿದವರೇ ನಮಗಾಗಿ ಹಾದಿಯನ್ನು ಹಗುರ ಮಾಡಿಟ್ಟಿದ್ದರು. ನಾನು ಆ ಪುಟಗಳನ್ನು ಸರಿಯಾಗಿ ಓದಿರಲಿಲ್ಲ.

2. ದವಡೆ ಕೀಲು ಎನ್ನುವ ಮೊದಲು ಕೆನ್ನೆಯ ಒಳಗೆ ನೋಡಿ.

ಡಿಸ್ಕ್ ಜಾರಿ ಸಿಕ್ಕಿಕೊಂಡು ಬಾಯಿ ತೆರೆಯಲಾಗದ ಸ್ಥಿತಿಗೆ ಮಾನದಂಡದಲ್ಲಿ ಒಂದು ಗಡಿಯಿದೆ. ವೈದ್ಯರು ಕೈಯಿಂದ ನೆರವಾದ ಮೇಲೂ ಬಾಯಿ 40 ಮಿ.ಮೀ.ಗಿಂತ ಕಡಿಮೆ ತೆರೆಯಬೇಕು, ಊಟಕ್ಕೆ ಅಡ್ಡಿಯಾಗುವಷ್ಟು ಬಿಗಿತದ ಇತಿಹಾಸವೂ ಇರಬೇಕು. ಒಬ್ಬ ಯುವಕನಲ್ಲಿ ಇವೆರಡೂ ಕಂಡವು. ನಾನು ಆ ಹೆಸರನ್ನೇ ಬರೆದು ವ್ಯಾಯಾಮ ಹೇಳಿಕೊಟ್ಟು ಕಳಿಸಿದೆ. ಆತ ಮರಳಿ ಬಂದಾಗ ಬಾಯಿ ಇನ್ನಷ್ಟು ಬಿಗಿದಿತ್ತು, ಖಾರ ಮುಟ್ಟಿದರೆ ಉರಿ. ಕೆನ್ನೆಯ ಒಳಗೆ ಬೆರಳಾಡಿಸಿದಾಗ ಹಗ್ಗದಂತೆ ಗಟ್ಟಿಯಾದ ಪಟ್ಟಿಗಳು ಕೈಗೆ ಸಿಕ್ಕವು. ಅಡಿಕೆ, ಗುಟ್ಕಾದಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅದು, ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಆದರೂ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಸಿಗುತ್ತಲೇ ಇವೆ. ಎರಡನ್ನೂ ಸೇರಿಸಿ ಬಾಯಿಗೆ ಹಾಕಿಕೊಳ್ಳುವ ಹುಡುಗರನ್ನು ದಿನವೂ ಕಾಣುತ್ತೇನೆ. ರೋಗಿಯ ನೋವನ್ನು ಬೇರೆ ಕಾಯಿಲೆಯೊಂದು ಇನ್ನೂ ಚೆನ್ನಾಗಿ ವಿವರಿಸುವಂತಿರಬಾರದು ಎಂಬ ಷರತ್ತು ಮಾನದಂಡದಲ್ಲೇ ಇದೆ. ಅದನ್ನು ಕೊನೆಯ ಸಾಲಾಗಿ ಓದದೆ ಮೊದಲ ಸಾಲಾಗಿ ಓದಬೇಕು. ಐವತ್ತು ದಾಟಿದವರಲ್ಲಿ ಹೊಸದಾಗಿ ಕಣತಲೆ ನೋವು ಶುರುವಾಗಿ, ಅಗಿಯುತ್ತಾ ಹೋದಂತೆ ದವಡೆ ಸೋಲುತ್ತಿದ್ದರೆ ಅದು ರಕ್ತನಾಳದ ಉರಿಯೂತವಿರಬಹುದು, ತಡಮಾಡಿದರೆ ಕಣ್ಣು ಹೋಗಬಹುದು. ಮೆಟ್ಟಿಲು ಹತ್ತುವಾಗ ಮಾತ್ರ ಬಂದು, ಕೂತರೆ ಇಳಿಯುವ ದವಡೆ ನೋವು ಹೃದಯದ್ದಿರಬಹುದು. ಇವನ್ನೆಲ್ಲ ಕೇಳಿದ ಮೇಲೆ ಕೀಲಿನ ಮಾತು.

3. ಬೆರಳಿನ ಬಲವನ್ನು ನಂಬಬೇಡಿ, ತೂಗಿ ನೋಡಿ.

ಕೆನ್ನೆಯ ಮ್ಯಾಸಿಟರ್ ಮತ್ತು ಕಣತಲೆಯ ಟೆಂಪೊರಾಲಿಸ್ ಸ್ನಾಯುಗಳನ್ನು 1 ಕೆ.ಜಿ. ಬಲದಿಂದ ಒತ್ತಬೇಕು. ಕೀಲಿನ ಹೊರತುದಿಯ ಮೇಲೆ ಅರ್ಧ ಕೆ.ಜಿ., ಅದರ ಸುತ್ತ 1 ಕೆ.ಜಿ. ಒತ್ತು ಎರಡು ಸೆಕೆಂಡು ಇರಬೇಕು. ನೋವು ಬೇರೆ ಕಡೆಗೆ ಹರಿಯುತ್ತದೆಯೇ ಎಂದು ತಿಳಿಯಬೇಕಾದರೆ ಐದು ಸೆಕೆಂಡು. ಇಷ್ಟು ವರ್ಷ ಒತ್ತಿದ ಬೆರಳಿಗೆ ಇದೆಲ್ಲ ಗೊತ್ತೇ ಇದೆ ಎಂದುಕೊಂಡಿದ್ದೆ. ಒಂದು ಸಂಜೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಮೇಜಿನ ಮೇಲಿಟ್ಟು, ಅಂಕಿ ಕಾಣದ ಹಾಗೆ ಮುಖ ತಿರುಗಿಸಿ ತೋರುಬೆರಳ ತುದಿಯಿಂದ ಒತ್ತಿದೆ. ಒಂದು ಕೆ.ಜಿ. ಎಂದು ನಾನು ಅಂದುಕೊಂಡದ್ದು ಒಮ್ಮೆ ಅದರ ಅರ್ಧ, ಇನ್ನೊಮ್ಮೆ ಅದಕ್ಕಿಂತ ಎಷ್ಟೋ ಹೆಚ್ಚು. ಬೆಳಗ್ಗೆಯ ಒತ್ತು ಸಂಜೆಯ ಹೊತ್ತಿಗೆ ಬದಲಾಗುತ್ತಿತ್ತು. ನಿಜವಾದ ಒಂದು ಕೆ.ಜಿ.ಗೆ ಉಗುರಿನ ತುದಿ ಬೆಳ್ಳಗಾಗುತ್ತದೆ, ಬೆರಳ ಮೊದಲ ಗೆಣ್ಣು ಹಿಂದಕ್ಕೆ ಬಾಗುತ್ತದೆ. ಈಗ ಆ ಅನುಭವವೇ ನನಗೆ ಗುರುತು. ಪರೀಕ್ಷೆಗೆ ಕೂರುವ ಮುಂಚೆ ತಕ್ಕಡಿಯ ಮೇಲೆ ಒಮ್ಮೆ ಒತ್ತಿ ನೋಡುವ ಅಭ್ಯಾಸ ಬಿಟ್ಟಿಲ್ಲ.

ಆಮೇಲೆ ಸಹೋದ್ಯೋಗಿಯೊಬ್ಬರನ್ನು ಜೊತೆ ಸೇರಿಸಿಕೊಂಡೆ. ಒಬ್ಬರೇ ರೋಗಿಯನ್ನು ಇಬ್ಬರೂ ನೋಡಿ ಫಲಿತಾಂಶ ಹೋಲಿಸುವುದು ನಮ್ಮ ಯೋಜನೆ. ಮೊದಮೊದಲು ರೋಗಿಯ ಎದುರಿಗೇ ಚರ್ಚಿಸಿ ಬರೆಯುತ್ತಿದ್ದೆವು, ಎಲ್ಲವೂ ಹೊಂದುತ್ತಿತ್ತು. ಆಕೆ ನನಗಿಂತ ಕಿರಿಯರು, ನಾನು ಹೇಳಿದ್ದಕ್ಕೆ ತಲೆದೂಗುತ್ತಿದ್ದರು ಎಂಬುದು ಬೇರೆ ಬೇರೆ ಕೂತು ಬರೆದಾಗಲೇ ತಿಳಿದದ್ದು. ಹೊಂದದ ಕಡೆಗಳಲ್ಲಿ ಬಹಳಷ್ಟು ಸಲ ಆಕೆಯ ಬೆರಳೇ ಸರಿಯಾದ ಜಾಗದಲ್ಲಿತ್ತು.

4. ನೋವಾಗುತ್ತಾ ಎಂದು ಕೇಳಿ ನಿಲ್ಲಿಸಬೇಡಿ.

ಯಾರ ಕೆನ್ನೆಯನ್ನಾದರೂ ಜೋರಾಗಿ ಒತ್ತಿದರೆ ನೋಯುತ್ತದೆ. ಹಿಂದೆ ನಾನು ಒತ್ತಿ, ರೋಗಿ ಮುಖ ಕಿವುಚಿದರೆ ಸಾಕು, ಸ್ನಾಯುವಿನ ನೋವು ಎಂದು ಬರೆದುಬಿಡುತ್ತಿದ್ದೆ. ಡಿಸಿ/ಟಿಎಂಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳಿಸುತ್ತದೆ: ಈಗ ಒತ್ತಿದಾಗ ಆದ ನೋವು, ಕಳೆದ 30 ದಿನಗಳಲ್ಲಿ ನಿಮ್ಮನ್ನು ಕಾಡುತ್ತಿರುವ ಅದೇ ನೋವೇ? ಹೌದು ಎಂದರೆ ಮಾತ್ರ ಅದು ಲೆಕ್ಕಕ್ಕೆ. ಈ ಒಂದು ಪ್ರಶ್ನೆ ನನ್ನ ಎಷ್ಟು ತೀರ್ಮಾನಗಳನ್ನು ಬುಡಮೇಲು ಮಾಡಿತು ಎಂದು ಈಗಲೂ ನೆನೆಯುತ್ತೇನೆ. ಹಿರಿಯರೊಬ್ಬರು ಕೀಲಿನ ಮೇಲೆ ಒತ್ತಿದಾಗ ನೋಯುತ್ತದೆ ಎಂದರು. ಅದೇ ನೋವಾ ಎಂದು ಕೇಳಿದೆ. “ಇಲ್ಲ ಸರ್, ಇದು ನೀವು ಅದುಮಿದ್ದಕ್ಕೆ ಆದದ್ದು. ನನಗೆ ಬರೋದು ಇಲ್ಲಿ” ಎಂದು ಬೆರಳಿಟ್ಟು ತೋರಿಸಿದ್ದು ಕೆನ್ನೆಯ ಕೆಳಭಾಗವನ್ನು. ಅಲ್ಲಿ ಒತ್ತಿದ ತಕ್ಷಣ, “ಹಾಂ, ಇದೇ ನೋಡಿ” ಎಂದರು. ಹಳೆಯ ಪದ್ಧತಿಯಲ್ಲಾಗಿದ್ದರೆ ಅವರಿಗೆ ಕೀಲಿನ ಕಾಯಿಲೆಯ ಹೆಸರು ಅಂಟುತ್ತಿತ್ತು. ತಮ್ಮ ನೋವನ್ನು ಗುರುತು ಹಿಡಿಯಬಲ್ಲವರು ಅವರೊಬ್ಬರೇ. ನನ್ನ ಕೆಲಸ ಅವರಿಗೆ ಆ ಅವಕಾಶ ಕೊಡುವುದು. ಹೀಗೆ ಕಟ್ಟುನಿಟ್ಟಾಗಿ ಕೇಳುವುದರಿಂದಲೇ ಸ್ನಾಯುನೋವಿನ ಮಾನದಂಡ 90 ಪ್ರತಿಶತ ರೋಗಿಗಳನ್ನು ಹಿಡಿಯುತ್ತದೆ, ಆ ನೋವಿಲ್ಲದವರಲ್ಲಿ 99 ಪ್ರತಿಶತ ಮಂದಿಯನ್ನು ಸರಿಯಾಗಿ ಹೊರಗಿಡುತ್ತದೆ.

5. ಅಳೆಯುವ ಕ್ರಮವೂ ಅಳತೆಯ ಭಾಗವೇ.

ಬಾಯಿ ತೆರೆಯುವುದನ್ನು ಮೂರು ಸಲ ಅಳೆಯಬೇಕು. ಮೊದಲು ಸ್ವಲ್ಪವೂ ನೋವಾಗದಷ್ಟು, ಆಮೇಲೆ ನೋವಾದರೂ ಸರಿ ಆದಷ್ಟು, ಕೊನೆಗೆ ನನ್ನ ಬೆರಳಿನ ನೆರವಿನಿಂದ. ನಾನು ಅವಸರದಲ್ಲಿ “ಪೂರ್ತಿ ಆ ಮಾಡಿ” ಎಂದು ಶುರುಮಾಡುತ್ತಿದ್ದೆ. ಒಮ್ಮೆ ನೋಯಿಸಿಕೊಂಡವರು ಆಮೇಲೆ ನೋವಿಲ್ಲದಷ್ಟು ತೆರೆಯಿರಿ ಎಂದರೆ ಹೆದರಿ ಅರ್ಧಕ್ಕೇ ನಿಲ್ಲುತ್ತಿದ್ದರು, ಆ ಅಳತೆ ಕೆಡುತ್ತಿತ್ತು. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಮೇಲಿನ ಮುಂಹಲ್ಲು ಕೆಳಗಿನದನ್ನು ಎಷ್ಟು ಮುಚ್ಚುತ್ತದೆಯೋ ಅಷ್ಟನ್ನು ಅಳತೆಗೆ ಕೂಡಿಸಬೇಕು. ಸ್ಕೇಲ್ 36 ಎಂದು ತೋರಿಸಿ, ಹಲ್ಲು 5 ಮಿ.ಮೀ. ಮುಚ್ಚುತ್ತಿದ್ದರೆ ನಿಜವಾದ ಅಳತೆ 41. ನಾನು ಕೂಡಿಸದೆ ಬಿಟ್ಟಾಗ ಸರಿಯಾಗಿಯೇ ಬಾಯಿ ತೆರೆಯುತ್ತಿದ್ದವರು 40ರ ಗಡಿಯ ಕೆಳಗೆ ಬಿದ್ದು, ಕೀಲು ಸಿಕ್ಕಿಕೊಂಡವರ ಪಟ್ಟಿಗೆ ಸೇರಿದರು. ರೋಗಿಗೆ ಹೇಳಬೇಕಾದ ಮಾತುಗಳನ್ನೂ ಮಾನದಂಡ ಬರೆದುಕೊಟ್ಟಿದೆ. ಹಾಳೆ ನೋಡಿ ಓದಲು ಶುರುವಿನಲ್ಲಿ ಮುಜುಗರವಾಗುತ್ತಿತ್ತು. ಈಗ ಕನ್ನಡದ ಆ ಹಾಳೆಯನ್ನು ಕುರ್ಚಿಯ ಪಕ್ಕದ ಗೋಡೆಗೇ ಅಂಟಿಸಿದ್ದೇನೆ. ರೋಗಿಗಳೂ ಕುತೂಹಲದಿಂದ ಓದುತ್ತಾರೆ, ಮುಂದೇನು ಎಂಬುದು ಗೊತ್ತಿರುವುದರಿಂದ ಅವರ ಹೆದರಿಕೆಯೂ ಇಳಿಯುತ್ತದೆ.

6. ಸದ್ದಿಗೆ ಮದ್ದು ಕೊಡಬೇಡಿ.

“ಬಾಯಿ ತೆರೆದರೆ ಕಟ್ ಅನ್ನುತ್ತೆ ಡಾಕ್ಟ್ರೇ” ಎಂದು ಬರುವವರು ಬಹಳ. ನೋವಿಲ್ಲ, ಊಟಕ್ಕೆ ತೊಂದರೆಯಿಲ್ಲ, ಸದ್ದು ಮಾತ್ರ. ಹಿಂದೆ ನಾನು ಇಂಥವರಿಗೂ ಸ್ಪ್ಲಿಂಟ್ ಮಾಡಿಕೊಟ್ಟಿದ್ದೇನೆ. ಡಿಸ್ಕ್ ಜಾರಿದೆ ಎಂದು ನಾನು ಹೇಳಿದ ಒಂದೇ ಮಾತಿಗೆ ಒಬ್ಬ ಕಾಲೇಜು ಹುಡುಗಿ ಗಟ್ಟಿ ಪದಾರ್ಥ ಬಿಟ್ಟು, ಗೆಳತಿಯರ ಜೊತೆ ನಗುವುದಕ್ಕೂ ಅಂಜುವಂತಾದಳು. ಆಕೆಯ ತಾಯಿ ಬಂದು ಹೇಳಿದಾಗಲೇ ನನಗೆ ಎಚ್ಚರವಾದದ್ದು. ಮಾನದಂಡವನ್ನು ಒರೆಗೆ ಹಚ್ಚಿದ ಅಂಕಿಗಳು ಈ ವಿಷಯದಲ್ಲಿ ತೀರಾ ಪ್ರಾಮಾಣಿಕವಾಗಿವೆ. ಬಾಯಿ ತೆರೆದಾಗ ತಾನೇ ಸ್ಥಾನಕ್ಕೆ ಮರಳುವ ಡಿಸ್ಕಿನ ಜಾರುವಿಕೆಯನ್ನು ಬರೀ ಕೈಪರೀಕ್ಷೆ ನೂರರಲ್ಲಿ 34 ಜನರಲ್ಲಿ ಮಾತ್ರ ಹಿಡಿಯುತ್ತದೆ. ಕೀಲಿನ ಸವೆತವನ್ನು ಹಿಡಿಯುವುದು 55ರಲ್ಲಿ. ಖಚಿತವಾಗಬೇಕಾದರೆ ಡಿಸ್ಕಿಗೆ ಎಂಆರ್‌ಐ, ಮೂಳೆಗೆ ಸಿ.ಟಿ. ಬೇಕು. ಹಾಗೆಂದು ಸದ್ದು ಕೇಳಿದವರನ್ನೆಲ್ಲ ಸ್ಕ್ಯಾನಿಗೆ ಕಳಿಸುವುದೂ ಸರಿಯಲ್ಲ. ಯಾವ ತೊಂದರೆಯೂ ಇಲ್ಲದ ಸ್ವಯಂಸೇವಕರ ಎಂಆರ್‌ಐ ತೆಗೆದಾಗಲೂ ಸುಮಾರು ಮೂವರಲ್ಲಿ ಒಬ್ಬರಿಗೆ ಡಿಸ್ಕ್ ಜಾರಿರುವುದು ಕಂಡಿದೆ. ಚಿತ್ರದ ಫಲಿತಾಂಶ ಚಿಕಿತ್ಸೆಯನ್ನು ಬದಲಿಸುವಂತಿದ್ದರೆ ಮಾತ್ರ ಬರೆಯುತ್ತೇನೆ. ಉಳಿದವರಿಗೆ ಸದ್ದು ಎಲ್ಲಿಂದ ಬರುತ್ತದೆ ಎಂದು ಬಿಡಿಸಿ ಹೇಳಿ, ನೋವು ಬಂದರೆ ಅಥವಾ ಬಾಯಿ ಸಿಕ್ಕಿಕೊಂಡರೆ ಮಾತ್ರ ಬನ್ನಿ ಎನ್ನುತ್ತೇನೆ.

7. ಎರಡನೆಯ ಅಕ್ಷವನ್ನು ಡ್ರಾಯರಿನಲ್ಲಿ ಇಡಬೇಡಿ.

ಹಲ್ಲಿನ ಡಾಕ್ಟರು ಮನಸ್ಸಿನ ವಿಷಯ ಕೇಳಿದರೆ ಜನ ಏನಂದುಕೊಂಡಾರು ಎಂಬ ಅಳುಕಿನಿಂದ ಆ ನಮೂನೆಗಳನ್ನು ಬಹುಕಾಲ ಒಳಗಿಟ್ಟಿದ್ದೆ. ಆಗ ಒಬ್ಬ ತಾಯಿಗೆ ಸ್ಪ್ಲಿಂಟ್ ಕೊಟ್ಟು, ಬಂದಾಗಲೆಲ್ಲ ತಿದ್ದಿ, ಮಾತ್ರೆ ಬದಲಿಸಿ ಸೋತಿದ್ದೆ. ಕೊನೆಗೆ ನೋವಿನ ಚಿತ್ರದ ಹಾಳೆ ಕೊಟ್ಟೆ. ಮನುಷ್ಯದೇಹದ ಗೆರೆಚಿತ್ರದಲ್ಲಿ ನೋವಿರುವ ಕಡೆಯೆಲ್ಲ ಗುರುತು ಹಾಕುವುದು ಅಷ್ಟೇ. ಅವರು ಪೆನ್ಸಿಲ್ ಹಿಡಿದು ಕತ್ತು, ಎರಡೂ ಭುಜ, ಸೊಂಟ, ಮೊಣಕಾಲು ಎಲ್ಲವನ್ನೂ ಕಪ್ಪಗೆ ತುಂಬಿದರು. ದವಡೆಯ ಮೇಲೆ ಒಂದು ಸಣ್ಣ ಗುರುತು. ಇಷ್ಟು ದಿನ ಯಾಕಮ್ಮ ಹೇಳಲಿಲ್ಲ ಎಂದರೆ, “ನೀವು ದವಡೆದು ಮಾತ್ರ ಕೇಳಿದ್ರಲ್ಲ ಸರ್” ಎಂದರು. ಖಿನ್ನತೆ, ಆತಂಕಗಳ ನಾಲ್ಕು ಪ್ರಶ್ನೆಗಳ ನಮೂನೆಯಲ್ಲೂ ಅಂಕಗಳು ಹೆಚ್ಚಿದ್ದವು, ನಿದ್ದೆಯಂತೂ ಇರಲೇ ಇಲ್ಲ. ಫಿಸಿಶಿಯನ್ ಮತ್ತು ಆಪ್ತಸಮಾಲೋಚಕರ ಕಡೆ ಕಳಿಸಿದ ಮೇಲೆ, ಸ್ಪ್ಲಿಂಟಿನಿಂದ ಆಗದಿದ್ದ ಸುಧಾರಣೆ ನಿಧಾನವಾಗಿ ಕಂಡಿತು. ದವಡೆ ನೋವು ಯಾರಿಗೆ ಹೊಸದಾಗಿ ಬರುತ್ತದೆ ಎಂದು ಅಮೆರಿಕದಲ್ಲಿ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಒಪೆರಾ ಅಧ್ಯಯನವೂ ಇದನ್ನೇ ತೋರಿಸಿದೆ. ದೇಹದ ಬೇರೆ ಬೇರೆ ಕಡೆ ತೊಂದರೆಗಳಿರುವುದು ದವಡೆ ನೋವಿನ ಬಲವಾದ ಮುನ್ಸೂಚನೆಗಳಲ್ಲಿ ಒಂದು.

ಒಂದು ಎಚ್ಚರಿಕೆ. ದೊಡ್ಡ ಕಟ್ಟಿನಲ್ಲಿರುವ ಒಂಬತ್ತು ಪ್ರಶ್ನೆಗಳ ನಮೂನೆಯ ಕೊನೆಯ ಪ್ರಶ್ನೆ, ಬದುಕಿರುವುದಕ್ಕಿಂತ ಸಾಯುವುದೇ ವಾಸಿ ಎನ್ನುವಂಥ ಯೋಚನೆಗಳ ಕುರಿತದ್ದು. ಹೌದು ಎಂಬ ಉತ್ತರ ಬಂದರೆ ಏನು ಮಾಡುವುದೆಂದು ತಿಳಿಯದೆ ಆ ಹಾಳೆ ಕೊಡಬಾರದು. ಉತ್ತರವನ್ನು ಆ ಹೊತ್ತಿಗೇ ಓದಬೇಕು, ಯಾರ ಬಳಿ ಕಳಿಸಬೇಕೆಂದು ಮೊದಲೇ ಗೊತ್ತಿರಬೇಕು. ಟೆಲಿ ಮಾನಸ್ ಸಹಾಯವಾಣಿ 14416 ನಮ್ಮ ಮೇಜಿನ ಮೇಲೆ ಬರೆದಿಟ್ಟಿದೆ, ಕನ್ನಡದಲ್ಲೇ ಮಾತಾಡಬಹುದು.

8. ಪ್ರಶ್ನೆಯನ್ನು ದಾರಿಯಲ್ಲಿ ಬದಲಿಸಬೇಡಿ.

ದವಡೆಯ ಕೆಲಸಕ್ಕೆ ಎಷ್ಟು ಅಡ್ಡಿಯಾಗಿದೆ ಎಂದು ಅಳೆಯುವ ಎಂಟು ಪ್ರಶ್ನೆಗಳಲ್ಲಿ ಒಂದು, ಕೋಳಿಮಾಂಸ ಅಗಿಯಲು ಕಷ್ಟವೇ ಎಂಬುದು. ಮಾಂಸ ತಿನ್ನದ ಮನೆಯವರು ಇದನ್ನು ಕೇಳಿ ಮುಖ ನೋಡುತ್ತಿದ್ದರು. ನಾನು ತೋಚಿದಂತೆ ಬದಲಿಸಿದೆ. ಒಮ್ಮೆ ಚಪಾತಿ ಎಂದೆ, ಮುಂದಿನ ಭೇಟಿಯಲ್ಲಿ ಚಕ್ಕುಲಿ, ಇನ್ನೊಬ್ಬರಿಗೆ ಖಡಕ್ ರೊಟ್ಟಿ. ಆಮೇಲೆ ಹಾಳೆಗಳನ್ನು ಜೋಡಿಸಿದಾಗ, ರೋಗಿಗೆ ಗುಣವಾಯಿತೋ ಅಥವಾ ನಾನು ಮೆತ್ತಗಿನ ತಿಂಡಿಯ ಹೆಸರು ಹೇಳಿದೆನೋ ಗೊತ್ತಾಗುವಂತಿರಲಿಲ್ಲ. ಅಷ್ಟು ಜನ ತಾಳ್ಮೆಯಿಂದ ಕೊಟ್ಟ ಉತ್ತರಗಳು ನನ್ನ ಕೈಯಲ್ಲಿ ವ್ಯರ್ಥವಾದವು. ಪ್ರಶ್ನಾವಳಿಯನ್ನು ಇನ್ನೊಂದು ಭಾಷೆಗೆ, ಇನ್ನೊಂದು ಊಟದ ಪದ್ಧತಿಗೆ ತರಲು ಒಂದು ಕ್ರಮವಿದೆ. ಅನುವಾದ ಮಾಡಿ, ಬೇರೆಯವರಿಂದ ಮೂಲಭಾಷೆಗೆ ಮರಳಿ ಅನುವಾದಿಸಿ, ತಜ್ಞರು ಕೂತು ಪರಿಶೀಲಿಸಿ, ರೋಗಿಗಳ ಮೇಲೆ ಪ್ರಯೋಗಿಸಿ ನೋಡಬೇಕು. ನಿಮ್ಮ ಚಿಕಿತ್ಸಾಲಯದಲ್ಲಿ ಅದು ಆಗದಿದ್ದರೆ ಕನಿಷ್ಠ ಒಂದು ಪದಾರ್ಥವನ್ನು ಆರಿಸಿ, ಬರೆದಿಟ್ಟು, ಎಲ್ಲರಿಗೂ ಪ್ರತಿ ಸಲವೂ ಅದನ್ನೇ ಕೇಳಿ. ಬದಲಿಸಿದ್ದೀರಿ ಎಂಬುದನ್ನೂ ದಾಖಲಿಸಿ.

9. ಹೆಸರು ಸಿಕ್ಕ ಮೇಲೆ ಕೈ ಬಿಗಿಹಿಡಿಯಿರಿ.

ಈ ಮಾನದಂಡ ಚಿಕಿತ್ಸೆಯ ಪುಸ್ತಕವಲ್ಲ. ಆದರೆ ರೋಗವನ್ನು ಸರಿಯಾಗಿ ಹೆಸರಿಸಿದಾಗ ಎಷ್ಟು ಕಡಿಮೆ ಮಾಡಿದರೆ ಸಾಕು ಎಂಬುದು ಕಾಣುತ್ತದೆ. ವೃತ್ತಿಯ ಮೊದಲ ವರ್ಷಗಳಲ್ಲಿ, ಕಚ್ಚುವಿಕೆ ಸರಿಯಿಲ್ಲದ್ದೇ ಕಾರಣ ಎಂದು ನಂಬಿ ಕೆಲವರ ಗಟ್ಟಿ ಹಲ್ಲುಗಳನ್ನು ಉಜ್ಜಿ ಸಮ ಮಾಡಿದ್ದೇನೆ. ನೋವು ಹೋಗಲಿಲ್ಲ, ಉಜ್ಜಿದ ಹಲ್ಲು ಮರಳಿ ಬೆಳೆಯಲಿಲ್ಲ. ಅವರು ಇವತ್ತಿಗೂ ವಿಶ್ವಾಸದಿಂದ ಬರುತ್ತಾರೆ, ನನಗೆ ಅದು ಭಾರವಾಗಿಯೇ ಇದೆ. ಅಮೆರಿಕದ ದಂತ ಸಂಶೋಧಕರ ಸಂಘ 2010ರ ತನ್ನ ಹೇಳಿಕೆಯಲ್ಲಿ, ಬಲವಾದ ಕಾರಣವಿಲ್ಲದಿದ್ದರೆ ಮೊದಲ ಚಿಕಿತ್ಸೆ ಹಿಂದಕ್ಕೆ ಪಡೆಯಬಹುದಾದದ್ದೇ ಆಗಿರಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ಸ್ನಾಯುನೋವು ಎಂದು ಖಚಿತವಾದವರಿಗೆ ಈಗ ನಾನು ಹೇಳುವುದು ಇಷ್ಟು: ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ, ಊಟದ ಹೊತ್ತು ಬಿಟ್ಟರೆ ಮೇಲಿನ ಕೆಳಗಿನ ಹಲ್ಲು ತಾಗಬೇಕಾಗಿಲ್ಲ. ಬಿಸಿ ಶಾಖ ಕೊಡಿ, ಕೆಲವು ದಿನ ಮೆತ್ತಗಿನ ಊಟ ಮಾಡಿ, ಹೇಳಿಕೊಟ್ಟ ವ್ಯಾಯಾಮ ಬಿಡಬೇಡಿ. ಬೇಕಾದರೆ ಸ್ವಲ್ಪ ಕಾಲ ನೋವಿನ ಮಾತ್ರೆ, ಕೆಲವರಿಗೆ ಸ್ಪ್ಲಿಂಟ್ ಅಥವಾ ಫಿಸಿಯೊಥೆರಪಿ. ಹೆಚ್ಚಿನವರಿಗೆ ಇಷ್ಟರಲ್ಲೇ ಹಗುರಾಗುತ್ತದೆ.

ಮರುಭೇಟಿಯಲ್ಲಿ ಅದೇ ಬಲದಲ್ಲಿ ಒತ್ತಿ, ಅದೇ ಕ್ರಮದಲ್ಲಿ ಅಳೆದು, ಅವೇ ಪ್ರಶ್ನೆಗಳನ್ನು ಕೇಳಿದಾಗ ಹಗುರಾಗಿದೆಯೋ ಇಲ್ಲವೋ ಎಂಬುದು ಹಾಳೆಯ ಮೇಲೆ ಕಾಣುತ್ತದೆ. ಹಗುರಾಗಿಲ್ಲದಿದ್ದರೆ ಆ ಹಾಳೆಯ ಪ್ರತಿಯನ್ನು ರೋಗಿಯ ಕೈಗೆ ಕೊಟ್ಟು ನನಗಿಂತ ತಿಳಿದವರ ಬಳಿ ಕಳಿಸುತ್ತೇನೆ. ಬೆಂಗಳೂರಿನವರಿರಲಿ, ಮಂಗಳೂರಿನವರಿರಲಿ, ಈ ಮಾನದಂಡ ಬಲ್ಲ ಯಾರೇ ಆದರೂ ನಾನು ಎಲ್ಲಿ ಒತ್ತಿದೆ, ಎಷ್ಟು ಅಳೆದೆ, ರೋಗಿ ಏನು ಹೇಳಿದರು ಎಂಬುದನ್ನು ಓದಿ ಅಲ್ಲಿಂದ ಮುಂದುವರಿಸಬಹುದು. ನಾನು ತಪ್ಪಿದ್ದರೆ ಎಲ್ಲಿ ತಪ್ಪಿದೆ ಎಂಬುದೂ ಅವರಿಗೆ ಸಿಗುತ್ತದೆ. ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಅಲೆಯುವ ರೋಗಿ ಪ್ರತಿ ಸಲ ಮೊದಲಿನಿಂದ ಶುರುಮಾಡಬೇಕಾಗಿಲ್ಲ. ಈ ಶ್ರಮವೆಲ್ಲ ಸಾರ್ಥಕ ಎಂದು ನನಗನ್ನಿಸುವುದು ಅದಕ್ಕಾಗಿಯೇ.